ನಾನು ಕಾಣದ ಮೊಸಳೆ

ಮೊಸಳೆ ಇರಲಿಲ್ಲ, ಸದಾನಂದಣ್ಣ.

ಬಾಲ ಇರಲಿಲ್ಲ, ಬೆನ್ನು ಇರಲಿಲ್ಲ, ನೀರಿನ ಮೇಲೆ ತೇಲಿ ಬಂದ ಎರಡು ಕಣ್ಣುಗಳೂ ಇರಲಿಲ್ಲ. ಅಲ್ಲಿದ್ದದ್ದು ಮೊಣಕಾಲು ಮುಳುಗುವಷ್ಟು ಕದಡಿದ ನೀರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು, ನಾನು, ಮತ್ತು ನಿಮ್ಮ ಮೀನು — ಅಷ್ಟೇ. ಮೊಸಳೆಯನ್ನು ನಾನು ತಂದೆ. ಬಾಯಿಂದ ತಂದೆ. ಒಮ್ಮೆ ತಂದ ಮೇಲೆ ಅದನ್ನು ವಾಪಸ್ಸು ಕಳಿಸುವ ಧೈರ್ಯ ಇಷ್ಟು ವರ್ಷ ಬರಲಿಲ್ಲ.

ಈಗ ಧೈರ್ಯ ಬಂದಿದೆ ಎಂದುಕೊಳ್ಳಬೇಡಿ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಒಂದು ಸಾಹಸದ ಲೇಖನ ಬೇಕಂತೆ — ಗೆಳೆಯನನ್ನು ಮೊಸಳೆಯ ಬಾಯಿಂದ ಉಳಿಸಿದ ಬಗೆ, ಫೋಟೊ ಸಮೇತ. ಯಾರು ಏನು ಕೇಳಿದರೂ ಆಯಿತು ಎನ್ನುವ ಬಾಯಿ ನನ್ನದು, ಆಯಿತು ಎಂದೆ. ಕೂತು 'ಆ ಭೀಕರ ಜಂತು' ಎಂದು ಶುರು ಮಾಡಿದೆ. ಕಾಫಿ ತಂದಿಟ್ಟ ನನ್ನ ಹೆಂಡತಿ ವಸುಧಾ ಬಗ್ಗಿ ಓದಿ, "ಈ ವರ್ಷ ಮೊಸಳೆ ಎಷ್ಟು ಅಡಿ ಆಯ್ತು ರೀ?" ಎಂದು ಕೇಳಿ ಒಳಗೆ ಹೋದಳು. ಅವಳಿಗೆ ಗೊತ್ತಿದೆಯೋ, ಬರೀ ಅನುಮಾನವೋ — ಕೇಳುವ ಎದೆ ನನಗಿರಲಿಲ್ಲ. ಆದರೆ ಆ ಸಾಲಿನಿಂದ ಮುಂದೆ ಕೈ ಓಡಲಿಲ್ಲ. ಅದನ್ನು ಹೊಡೆದುಹಾಕಿ ಇದನ್ನು ಬರೆಯುತ್ತಿದ್ದೇನೆ. ಸಂಚಿಕೆಯವರು ಹಾಕುವುದಾದರೆ ಇದನ್ನೇ ಹಾಕಲಿ.

ನಮ್ಮನ್ನು ಅರಿಯದವರಿಗಾಗಿ ಒಂದೆರಡು ಮಾತು. ಸದಾನಂದಣ್ಣ ಡಾಕ್ಟರು, ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಕುಂದಾಪುರದ ಹತ್ತಿರದ ಮೀನುಗಾರರ ಮನೆಯವರು. ಅವರ ತಂದೆ — ಎಲ್ಲರಿಗೂ ಅವರು ಅಪ್ಪಯ್ಯ — ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ನಿಂತು ಬೀಸುಬಲೆ ಬೀಸಿಯೇ ಮಗನನ್ನು ಓದಿಸಿದವರು. ನಾನು ಶ್ರೀಕಂಠ, ಮೈಸೂರಿನವನು, ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೇ ಕೆಳದನಿಯಲ್ಲಿ ಆಡುತ್ತಿದ್ದರು. ಇಬ್ಬರೂ ಒಂದೇ ಅಪಾರ್ಟ್‌ಮೆಂಟಿನವರು. ಲಿಫ್ಟಿನಲ್ಲಿ ನನ್ನ ಕೈಯ ಡಬ್ಬಿಯಿಂದ ಬಂದ ಹುಳಿಯ ವಾಸನೆಗೆ ಅವರು ಕನ್ನಡದಲ್ಲಿ ನಿಟ್ಟುಸಿರು ಬಿಟ್ಟರು, ಪರಿಚಯವಾಯಿತು.

ಆಮೇಲೆ ಅವರಿಗೆ ಆ ಹುಚ್ಚು ಹಿಡಿಯಿತು. ಕೆನಡಾದಿಂದ ಬಂದಿದ್ದ ಪ್ರೊಫೆಸರರೊಬ್ಬರು ಹತ್ತಿಸಿ ಹೋದದ್ದು. ಅವರ ಕಡೆ ಸ್ಟೀಲ್‌ಹೆಡ್ ಎಂಬ ಮೀನು ಸಮುದ್ರದಲ್ಲಿ ಬೆಳೆದು, ಮತ್ತೆ ಹುಟ್ಟಿದ ನದಿಗೆ ಮರಳುತ್ತದಂತೆ. ಅದು ಒಳಗೆ ಬರುವ ದಾರಿಯಲ್ಲಿ, ನದಿಯ ಕೆಳಭಾಗದಲ್ಲಿ, ಮೂಳೆ ಕೊರೆಯುವ ನೀರಿಗಿಳಿದು ಜನ ದಿನಗಟ್ಟಲೆ ನಿಲ್ಲುತ್ತಾರಂತೆ. ಕೈಯಲ್ಲಿ ಉದ್ದನೆಯ ಬಳುಕುವ ಕೋಲು, ದಪ್ಪ ದಾರ, ತುದಿಯಲ್ಲಿ ಗರಿ ಕೂದಲು ಕಟ್ಟಿದ ಸುಳ್ಳು ಹುಳ. ಅದಕ್ಕೆ ಫ್ಲೈ ಎನ್ನುತ್ತಾರೆ. ಇಡೀ ದಿನ ನಿಂತು ಏನೂ ಸಿಗದಿದ್ದರೆ ಅದನ್ನು ಒಳ್ಳೆಯ ದಿನ ಎನ್ನುತ್ತಾರಂತೆ. ಮಲೇಷ್ಯಾದಲ್ಲಿ ಫ್ರಿಜ್ಜಿನ ನೀರೂ ಅಷ್ಟು ತಣ್ಣಗಿರುವುದಿಲ್ಲ, ಸ್ಟೀಲ್‌ಹೆಡ್ ಎಲ್ಲಿಂದ ಬರಬೇಕು? ಆದರೆ ಇಲ್ಲಿನ ಅಳಿವೆಗಳಲ್ಲಿ ಸಿಯಾಕಪ್ ಎಂಬ ಮೀನಿದೆ. ಬೆಳ್ಳಿಬಣ್ಣ, ದೊಡ್ಡ ಬಾಯಿ. ಉಬ್ಬರದ ನೀರಿನ ಜೊತೆ ಒಳಗೆ ಬರುತ್ತದೆ. ಸದಾನಂದಣ್ಣ ಅದರ ಬಾಗಿಲು ಕಾಯಲು ಹೊರಟರು.

ಊಟದ ಮೇಜಿನ ಮೇಲೆ ಕೋಳಿಗರಿ, ದಾರ, ಅಂಟು. ಅವರ ಹೆಂಡತಿ ಪ್ರೇಮಕ್ಕನ ಸಾರಿನಲ್ಲಿ ಒಮ್ಮೆ ನೀಲಿ ಗರಿ ತೇಲಿತು. ಅದೊಂದು ಬೇರೆಯೇ ಯುದ್ಧ. ಹಿಡಿದ ಮೀನನ್ನು ನೋಡಿ, ಸುಧಾರಿಸಿಕೊಳ್ಳುವವರೆಗೆ ನೀರಿನಲ್ಲೇ ಹಿಡಿದು, ಬಿಟ್ಟುಬಿಡುವುದು ಅವರ ಕಟ್ಟುನಿಟ್ಟು. ಭಾನುವಾರ ನನ್ನನ್ನೂ ಕರೆದಾಗ ನಾನು ಹಿಂದೆ ಮುಂದೆ ನೋಡಿದ್ದಕ್ಕೆ ಅವರೆಂದದ್ದು: "ನಾನು ಮೀನು ಹಿಡಿಯುದಲ್ಲ ಮಾರಾಯ, ಮಾತಾಡ್ಸಿ ಕಳ್ಸುದು." ಅದರಲ್ಲಿ ನನಗೆ ಪಾಪ ಕಾಣಲಿಲ್ಲ. ಫ್ಲಾಸ್ಕು, ಚಿತ್ರಾನ್ನದ ಡಬ್ಬಿ ಹಿಡಿದು ಹೋಗತೊಡಗಿದೆ. ಅವರು ಕೋಲು ಬೀಸುವರು. ನಾನು ಗಿಡಕ್ಕೆ ಸಿಕ್ಕಿದ ದಾರ ಬಿಡಿಸುವೆ. ಆ ಬೆಳಗುಗಳಷ್ಟು ಸುಖದ ಬೆಳಗುಗಳು ಈ ದೇಶದಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಅವರಿಗಿದ್ದ ಕೊರಗು ಒಂದೇ, ಅಪ್ಪಯ್ಯ ನಂಬುತ್ತಿರಲಿಲ್ಲ. ಪುಕ್ಕ ಕಟ್ಟಿ ಮೀನು ಹಿಡಿಯುವ ಹುಚ್ಚ ಒಬ್ಬ, ಹಿಡಿದದ್ದನ್ನು ಬಿಡುವ ಹುಚ್ಚ ಇನ್ನೊಬ್ಬ, ಇಬ್ಬರೂ ನನ್ನ ಮಗನೇ ಆಗಬೇಕಿತ್ತೇ ಎಂದು ವಿಡಿಯೊ ಕಾಲಿನಲ್ಲಿ ನಗುತ್ತಿದ್ದರು. ಸದಾನಂದಣ್ಣ ತೋರಿಸುತ್ತಿದ್ದದ್ದೆಲ್ಲ ಅಂಗೈಯುದ್ದದ ಮೀನು. ಒಂದೇ ಒಂದು ದೊಡ್ಡದು ಸಿಗಲಿ, ಒಂದು ಫೋಟೊ ಕಳಿಸುತ್ತೇನೆ, ಆಮೇಲೆ ಕೋಲು ಮುರಿದು ಒಲೆಗೆ ಹಾಕಿದರೂ ಸರಿ ಎನ್ನುತ್ತಿದ್ದರು. ಅರವತ್ತರ ಹತ್ತಿರದ ಡಾಕ್ಟರು, ಅಪ್ಪನ ಒಂದು 'ಭೇಷ್'ಗಾಗಿ ಚಿಕ್ಕ ಹುಡುಗನ ಹಾಗೆ ಕಾಯುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ —

ಸರಿ ಸದಾನಂದಣ್ಣ, ಆ ಬೆಳಗ್ಗೆ.

ಆಯುಧ ಪೂಜೆ ಕಳೆದು ಕೆಲವೇ ದಿನ. ಕಾರು, ಸ್ಟೆತೊಸ್ಕೋಪು, ಮಿಕ್ಸಿಯ ಜೊತೆ ಪ್ರೇಮಕ್ಕ ನಿಮ್ಮ ಕೋಲಿಗೂ ಗಂಧ ಕುಂಕುಮ ಇಟ್ಟಿದ್ದರು. ಹಿಡಿಕೆಯ ಮೇಲೆ ಆ ಬೊಟ್ಟು ಇನ್ನೂ ಇತ್ತು. ದಾರಿಯಲ್ಲಿ ನೀವು ಈ ದೇಶದ ಕೆಲವು ನದಿಗಳಲ್ಲಿ ಮೊಸಳೆಗಳಿವೆಯೆಂದು ಹೇಳುತ್ತಾ ಬಂದಿರಿ. ನಾವು ಹೋಗುವಲ್ಲಿ ಇಲ್ಲ, ಹೆದರಬೇಡ ಎಂದೂ ಹೇಳಿದಿರಿ. ಉಬ್ಬರ ಒಳಗೆ ಬರುತ್ತಿತ್ತು. ನೀವು ದಾರ ಬೀಸಿ, ಫ್ಲೈಯನ್ನು ಬೇರುಗಳ ಅಂಚಿಗೆ ಇಳಿಸಿ, ಎಳೆದು, ಬಿಟ್ಟು, ಎಳೆದಿರಿ. ನೀರು ಒಡೆಯಿತು. ಕೋಲು ಬಿಲ್ಲಾಯಿತು.

ಎಷ್ಟು ಹೊತ್ತು ಕಾದಾಡಿದಿರೋ ನಾನು ನೋಡಿಕೊಳ್ಳಲಿಲ್ಲ. ಅದು ಎರಡು ಸಲ ಗಾಳಿಗೆ ಹಾರಿ ತಲೆ ಕೊಡವಿದಾಗ ನಾನು ಚಿತ್ರಾನ್ನದ ಚಮಚ ನೀರಿಗೆ ಬೀಳಿಸಿದೆ. ಕೊನೆಗೆ ಸೋತು ನಿಮ್ಮ ಕೈಗೆ ಬಂತು. ಅಷ್ಟು ದೊಡ್ಡ ಮೀನನ್ನು ನಾನು ಮೀನಿನಂಗಡಿಯ ಹೊರಗೆ ನಿಂತು ಮೂಗು ಮುಚ್ಚಿಕೊಂಡಾಗಲೂ ನೋಡಿರಲಿಲ್ಲ. ನಿಮ್ಮ ಕಣ್ಣು ತುಂಬಿತ್ತು. ಫೋನು ನೀರಿಗೆ ಬೀಳದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಂಡೆಯ ಮೇಲಿಟ್ಟಿದ್ದಿರಿ. ಮೀನಿನ ಬಾಯಿಂದ ಗಾಳ ಬಿಡಿಸಿ, ಕೋಲನ್ನು ನನ್ನ ಪಕ್ಕದ ಬೇರಿಗೆ ಒರಗಿಸಿ, ಮೀನನ್ನು ನನ್ನ ಕೈಗೆ ಕೊಟ್ಟಿರಿ — ನನಗೆ, ಹುಟ್ಟಿದಾಗಿನಿಂದ ಒಂದು ಮೀನೂ ಮುಟ್ಟದವನಿಗೆ. ಒಂದು ಕೈ ಬಾಲದ ಬುಡಕ್ಕೆ, ಒಂದು ಹೊಟ್ಟೆಯ ಕೆಳಗೆ.

"ತಲೆ ಹರಿವಿಗೆ ಎದುರು ಇರ್ಲಿ. ಒತ್ಬೇಡ, ಬಿಡ್ಲೂಬೇಡ. ಒಂದೇ ನಿಮಿಷ, ಫೋನ್ ತಂದೆ."

ಹಿಡಿದೆ. ಚೆನ್ನಾಗಿಯೇ ಹಿಡಿದಿದ್ದೆ, ಸದಾನಂದಣ್ಣ, ಅದನ್ನು ಮಾತ್ರ ನಂಬಿ. ಲೋಳೆಗೆ ಹೇಸಲಿಲ್ಲ, ಹೆದರಲಿಲ್ಲ. ಅದರ ಕಿವಿರು ತೆರೆದು ಮುಚ್ಚುವುದು ಅಂಗೈಗೆ ತಿಳಿಯುತ್ತಿತ್ತು. ಪಾಪ, ಉಸಿರಾಡು ಎಂದು ಕನ್ನಡದಲ್ಲೇ ಹೇಳಿದೆ. ಅಷ್ಟರಲ್ಲಿ ಕೆಸರಿನಲ್ಲಿ ಕಾಲು ಹೂತಿತು. ಕಿತ್ತು ಪಕ್ಕಕ್ಕಿಟ್ಟೆ. ಇಟ್ಟದ್ದು ನಿಮ್ಮ ಕೋಲಿಗೆ ತಾಗಿತು — ಕುಂಕುಮದ ಬೊಟ್ಟಿನ ಆ ಹಿಡಿಕೆಗೇ ತಾಗಿತು.

ನಿಮಗೆ ನನ್ನ ಚಾಳಿ ಗೊತ್ತು. ನಮ್ಮ ಮನೆಯಲ್ಲಿ ಪುಸ್ತಕಕ್ಕೆ, ವೀಣೆಗೆ, ಮತ್ತೊಬ್ಬರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮರೆತರೆ ಅಜ್ಜಿಯ ಮೊಟಕು. ಈಗ ಮೊಟಕುವವರಿಲ್ಲ, ಆದರೂ ಕೈ ತಾನಾಗಿ ಹೋಗುತ್ತದೆ. ಆಫೀಸಿನಲ್ಲಿ ಮೇಜಿನಡಿಯ ಕಂಪ್ಯೂಟರಿಗೆ ಕಾಲು ತಾಗಿ ನಾನು ಬಗ್ಗಿ ಕಣ್ಣಿಗೊತ್ತಿಕೊಂಡರೆ, ಎದುರು ಕೂರುವ ಚೀನೀ ಸಹೋದ್ಯೋಗಿ ಮೆಷಿನ್ ಸತ್ತಿದೆಯೇ ಎಂದು ಕೇಳಿದ್ದಾಳೆ. ಬಾಂಗ್ಸಾರಿನ ಹತ್ತಿರ ರೈಲಿನಲ್ಲಿ ಅಪರಿಚಿತನೊಬ್ಬನ ಬೂಟು ಮುಟ್ಟಹೋದೆ, ಅವನು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟ.

ಹಾಗೆಯೇ ಅಂದೂ ಕೈ ಹೋಯಿತು. ಒಂದು ಕೈ ಹೋಗಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ಪೂಜೆ ಮಾಡಿದ ಕೋಲಲ್ಲವೇ — ಎರಡೂ ಹೋದವು. ಕೋಲು ಮುಟ್ಟಿದೆ, ಕಣ್ಣು ಮುಚ್ಚಿದೆ, ಕಣ್ಣಿಗೊತ್ತಿಕೊಂಡೆ. ತಪ್ಪಾಯ್ತು ಎಂದೂ ಅಂದೆನೋ ಏನೋ. ಮುಖಕ್ಕೆ ರಪ್ಪೆಂದು ನೀರು ಬಡಿಯಿತು. ಕಣ್ಣು ಬಿಟ್ಟರೆ ರೆಪ್ಪೆಯ ಮೇಲೆ ಮೀನಿನ ಲೋಳೆ, ಕೈಯಲ್ಲಿ ಏನೂ ಇಲ್ಲ.

ದಂಡೆಯ ಮೇಲೆ ನೀವು, ಫೋನು ಎತ್ತಿ ಹಿಡಿದು ನಿಂತಿದ್ದಿರಿ. "ಎಂತಾಯ್ತು?"

ನಿಮ್ಮ ಕೋಲಿಗೆ ನಮಸ್ಕಾರ ಮಾಡಲು ಹೋಗಿ ನಿಮ್ಮ ಮೀನು ಕಳೆದೆ — ಇದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ? ಅಂಥ ಪೆದ್ದುತನಕ್ಕೆ ಕನ್ನಡದಲ್ಲಿ ಒಂದು ಪದವಾದರೂ ಇದೆಯೇ? ಬಾಯಿ ತೆರೆಯಿತು. ದಾರಿಯುದ್ದಕ್ಕೂ ನೀವೇ ತುಂಬಿಸಿದ್ದ ಮಾತು ಹೊರಗೆ ಬಿತ್ತು.

"ಮೊಸಳೆ!"

ಈಗ ಹೇಳುವುದನ್ನು ಸಂಚಿಕೆಯವರು ದಪ್ಪ ಅಕ್ಷರದಲ್ಲಿ ಹಾಕಲಿ. ನೀವು ಓಡಿಹೋಗಲಿಲ್ಲ. ಫೋನು ಎಸೆದು ನೀರಿಗೇ ನುಗ್ಗಿದಿರಿ. ಮೊಸಳೆ ಇದೆ ಎಂದು ನಂಬಿ, ಆ ಮೊಸಳೆ ಇರುವ ನೀರಿಗೆ, ನನಗಾಗಿ. ಕಂಕುಳಿಗೆ ಕೈ ಹಾಕಿ ನನ್ನನ್ನು ಮೂಟೆಯಂತೆ ದಂಡೆಗೆ ಎಳೆದಿರಿ, ನನ್ನ ಕಾಲುಗಳನ್ನು ತಡವಿ ನೋಡಿದಿರಿ, ಎರಡೂ ಇವೆ ಎಂದು ಗೊತ್ತಾದ ಮೇಲೆ ಅಪ್ಪಿಕೊಂಡಿರಿ. ಆಗಲೇ ಹೇಳಬೇಕಿತ್ತು. ನಾನು ನಿಮ್ಮ ಹೆಗಲಿಗೆ ಮುಖ ಒತ್ತಿಕೊಂಡೆ. ಮೀನಿನ ಬಗ್ಗೆ ನೀವು ಒಂದು ಮಾತೂ ಕೇಳಲಿಲ್ಲ. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಹಳ್ಳಿಯ ಚಹಾದಂಗಡಿಯಲ್ಲಿ ನೀವು ಎಲ್ಲವನ್ನೂ ಹೇಳಿದಿರಿ. ಅಂಗಡಿಯ ಮಾಮಾಕ್ — ತಮಿಳು ಮುಸ್ಲಿಂ ಅಂಗಡಿಯವರನ್ನು ಇಲ್ಲಿ ಹಾಗೆನ್ನುತ್ತಾರೆ — ಗಂಟೆಗಟ್ಟಲೆ ಚಹಾ ಎತ್ತಿ ಸುರಿಯುವವನು, ನಕ್ಕುಬಿಟ್ಟ. ಇಲ್ಲಿ ಮೊಸಳೆ ಎಲ್ಲಿ ಬಂತು ಲಾ, ನಾನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದ. ಯಾರ ಮೇಲೂ ದನಿ ಏರಿಸದ ನೀವು ಅವತ್ತು ಮೇಜು ಕುಟ್ಟಿ, ನಮ್ಮ ಶ್ರೀಕಂಠ ಸುಳ್ಳು ಹೇಳುವವನಲ್ಲ ಎಂದು ಅವನ ಮೇಲೆ ರೇಗಿದಿರಿ. ನಾನು ಚಹಾ ಕುಡಿದೆ. ನಾಲಿಗೆ ಸುಟ್ಟಿತು. ಸರಿಯಾಗಿಯೇ ಸುಟ್ಟಿತು.

ಮನೆಯಲ್ಲಿ ಪ್ರೇಮಕ್ಕ ಇಬ್ಬರಿಗೂ ದೃಷ್ಟಿ ತೆಗೆದರು. ನೀವು ಕಥೆ ಹೇಳುವಾಗ ನೀವು ನೀರಿಗೆ ನುಗ್ಗಿದ್ದನ್ನು ಬಿಟ್ಟುಬಿಟ್ಟಿರಿ. ಇವನು ಕೂಗದಿದ್ದರೆ ನಾನು ಫೋನು ಹಿಡಿದು ಸೀದಾ ಅದರ ಬಾಯಿಗೇ ನಡೆಯುತ್ತಿದ್ದೆ ಎಂದಿರಿ. ಅಲ್ಲಿಗೆ ಪ್ರಾಣ ಉಳಿಸಿದವನು ನಾನಾದೆ. ಪ್ರೇಮಕ್ಕ ನನ್ನನ್ನು ತಮ್ಮ ಎಂದು ಕರೆದು, ನಿಮ್ಮಿಂದ ಇನ್ನು ನೀರಿಗಿಳಿಯುವುದಿಲ್ಲವೆಂದು ದೇವರ ಮುಂದೆ ಮಾತು ತೆಗೆದುಕೊಂಡರು. ನೀವು ಆ ಕೋಲನ್ನು ನನಗೇ ಕೊಟ್ಟಿರಿ. ಪ್ರಾಣ ಉಳಿಸಿದವನ ಹತ್ತಿರ ಇರಲಿ ಎಂದಿರಿ.

ಇದಿಷ್ಟೇ ಆಗಿದ್ದರೆ ಇದು ಹೆದರುಪುಕ್ಕಲನ ಸುಳ್ಳು, ಅಷ್ಟೇ. ಆದರೆ ಅದೇ ಸಂಜೆ ನಾನು ಎರಡನೆಯದನ್ನು ಮಾಡಿದೆ. ನೀವು ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ, ಎರಡು ಕೈ ಅಗಲಿಸಿ ಮೀನಿನ ಉದ್ದ ತೋರಿಸಿದಿರಿ. ಅವರು ಕೆಮ್ಮು ಬರುವಷ್ಟು ನಕ್ಕರು. ನೀವು ಫೋನನ್ನು ನನ್ನ ಕಡೆ ತಿರುಗಿಸಿ, "ಬೇಕಾದ್ರೆ ಇವನ ಹತ್ರ ಕೇಳಿ, ಇವನ ಕೈಯಲ್ಲೇ ಇತ್ತು" ಎಂದಿರಿ. ಈ ಲೋಕದಲ್ಲಿ ಆ ಮೀನಿಗಿದ್ದ ಒಬ್ಬನೇ ಸಾಕ್ಷಿ ನಾನು. ಏನು ಹೇಳಿದೆ ನೆನಪಿದೆಯೇ?

"ಗಾಬರಿಯಲ್ಲಿ ಸರಿಯಾಗಿ ನೋಡ್ಲಿಲ್ಲ ಅಪ್ಪಯ್ಯ. ಸುಮಾರಾಗಿತ್ತು."

ಮೀನು ಚಿಕ್ಕದಾದಷ್ಟೂ ಅದನ್ನು ಕಳೆದ ತಪ್ಪು ಚಿಕ್ಕದಾಗುತ್ತದೆ — ನನ್ನ ಲೆಕ್ಕ ಅಷ್ಟು ಕೀಳಾಗಿತ್ತು. ನಿಮ್ಮ ಮುಖ ಇಳಿದದ್ದನ್ನು ಕಂಡೆ. ಕಂಡೂ ತಿದ್ದಲಿಲ್ಲ.

ಅಂದಿನಿಂದ ವರ್ಷ ವರ್ಷ ಮೊಸಳೆ ಬೆಳೆಯಿತು, ಮೀನು ಕುಗ್ಗಿತು. ರಾಜ್ಯೋತ್ಸವದಲ್ಲಿ ಸಂಘದವರು ನನಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಣೆ ಮಾಡಿದವರು ಮೊಸಳೆಯ ಹಲ್ಲುಗಳನ್ನು ವರ್ಣಿಸಿದ ರೀತಿಗೆ ನನಗೇ ಬೆವರಿತು. ಪೇಟ ದೊಡ್ಡದಾಗಿ ಕಣ್ಣಿಗೆ ಇಳಿದಿತ್ತು. ಅದರಡಿಯಿಂದ ನೋಡಿದರೆ ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದವರು ನೀವು. ಊಟದ ಹೊತ್ತಿನಲ್ಲಿ ನಿಮ್ಮ ಮೀನಿನ ಮಾತು ಬಂತು. ಮೊಸಳೆಯನ್ನು ಬಾಯಿ ಬಿಟ್ಟು ನಂಬಿದ ಅದೇ ಜನ, ಡಾಕ್ಟ್ರೇ, ಮೀನು ಮಾತ್ರ ಸ್ವಲ್ಪ ಗಪ್ಪ ಅಲ್ವಾ ಎಂದು ಕಿಚಾಯಿಸಿದರು. ಇದ್ದ ಮೀನು ಗಪ್ಪ, ಇಲ್ಲದ ಮೊಸಳೆ ನಿಜ! ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಪ್ರತಿ ವರ್ಷ ಆ ದಿನ ಪ್ರೇಮಕ್ಕ ನಮ್ಮನ್ನು ಊಟಕ್ಕೆ ಕರೆಯುತ್ತಾರೆ. ನನಗೆಂದೇ ಬೇರೆ ಪಾತ್ರೆ ಕೊಂಡಿಟ್ಟಿದ್ದಾರೆ, ಅವಕ್ಕೆ ಮೀನಿನ ಗಾಳಿಯೂ ತಾಗಿಲ್ಲ. ಪತ್ರೊಡೆ, ಹಾಲುಬಾಯಿ, ಗಂಜಿಯ ಜೊತೆ ತಿನ್ನಲು ಹುರಿದ ಸಂಡಿಗೆ. ನಾನು ತಿನ್ನುತ್ತೇನೆ. ಬೇಡವೆಂದರೆ ಅನುಮಾನ ಬಂದೀತೆಂದು ಎರಡನೆಯ ಸಲವೂ ಹಾಕಿಸಿಕೊಳ್ಳುತ್ತೇನೆ. ರುಚಿಯಾಗಿಯೂ ಇರುತ್ತದೆ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ತಿಂಗಳು ಬೆಳಗ್ಗೆ ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಅಪಾರ್ಟ್‌ಮೆಂಟಿನ ಈಜುಕೊಳದ ಅಂಚಿನಲ್ಲಿ ನೀವು ಒಬ್ಬರೇ ಇದ್ದಿರಿ. ಬಲಗೈ ಹಿಂದಕ್ಕೆ ಹೋಯಿತು, ಒಂದು ಕ್ಷಣ ನಿಂತಿತು, ಮುಂದಕ್ಕೆ ಬಂತು. ಮತ್ತೆ ಹಿಂದಕ್ಕೆ. ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಎಡಗೈ, ಇಲ್ಲದ ದಾರವನ್ನು ಮೆಲ್ಲಗೆ ಎಳೆಯಿತು. ಕಾವಲುಗಾರ ಬಂದು ಏನೋ ಕೇಳಿದ. ನೀವು ನಾಚಿ, ಭುಜದ ವ್ಯಾಯಾಮ ಎಂಬಂತೆ ತೋಳು ತಿರುಗಿಸಿದಿರಿ. ನನಗೆ ನಗು ಬಂತು, ಸದಾನಂದಣ್ಣ. ನಗುತ್ತಲೇ ಒಳಗೆ ಬಂದು ಸೋಫಾದ ಮೇಲೆ ಕೂತು ಅತ್ತೆ. ಮೊಸಳೆ ಕಣ್ಣೀರು ಎಂದು ನೀವು ಬೈದರೆ ಆ ಹಕ್ಕು ನಿಮ್ಮದು.

ನಿನ್ನೆ ಮೊದಲು ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ ಹೇಳಿದೆ. ನಿಮಗೆ ನೇರವಾಗಿ ಹೇಳುವ ಮೊದಲು ಅಭ್ಯಾಸವಾಗಲಿ ಎಂದು — ಅಲ್ಲೂ ಹೇಡಿತನವೇ. ನಿಮ್ಮ ತಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದರು. ಮೊಸಳೆ ಇರಲಿಲ್ಲ ಎಂದೆ. ಕಾಲು ತಾಗಿದ್ದು, ಕಣ್ಣಿಗೊತ್ತಿಕೊಂಡದ್ದು, ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಹಂಗಾರೆ ಮೀನ್ ಇದ್ದದ್ ಹೌದಾ?"

ಹೌದು ಎಂದೆ.

"ಎಷ್ಟ್ ಉದ್ದ?"

ಕೈ ಅಗಲಿಸಿ ತೋರಿಸಿದೆ. ಫೋನಿನೊಳಗೆ ನನ್ನ ಕೈ ಹಿಡಿಸಲಿಲ್ಲ. ವಸುಧಾ ಫೋನು ತೆಗೆದುಕೊಂಡು ಹಿಂದೆ ಹಿಂದೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆಗ ಎರಡೂ ಕೈ ಕಂಡವು. ಅಪ್ಪಯ್ಯ ಮುಖವನ್ನು ಫೋನಿಗೆ ಹತ್ತಿರ ತಂದು ನೋಡಿದರು.

"ಅವ್ನಿಗೆ ನಾ ಎಷ್ಟ್ ನೆಗಾಡಿದೆ" ಎಂದರು. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಕ್ಷಮಿಸಿ ಎಂದು ಕೇಳುವುದಿಲ್ಲ. ಭಾನುವಾರ ಬೆಳಗ್ಗೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಇದನ್ನು ಪ್ರೇಮಕ್ಕನ ಎದುರಿಗೆ ಓದುತ್ತೇನೆ. ಅವರು ಆ ಬೇರೆ ಪಾತ್ರೆಗಳನ್ನು ನನ್ನ ತಲೆಯ ಮೇಲೆ ಎಸೆದರೆ ಬಗ್ಗುವುದಿಲ್ಲ. ಶಾಲು, ಪೇಟ ತಂದಿರುತ್ತೇನೆ, ನೀರಿಗೆ ನುಗ್ಗಿದವರಿಗೆ ಅವು ಸೇರಬೇಕು. ಹಣ್ಣು ಮಾತ್ರ ಅಂದೇ ತಿಂದು ಮುಗಿದಿದೆ. ಕೋಲನ್ನೂ ತರುತ್ತೇನೆ. ಪ್ರತಿ ಆಯುಧ ಪೂಜೆಗೆ ಅದಕ್ಕೆ ಬೊಟ್ಟಿಟ್ಟಿದ್ದೇನೆ, ಒಮ್ಮೆಯೂ ಬೀಸಿಲ್ಲ.

ಪ್ರೇಮಕ್ಕ ನಿಮ್ಮನ್ನು ಅಂದು ಕೊಟ್ಟ ಮಾತಿನಿಂದ ಬಿಡಿಸಿದರೆ, ಮತ್ತು ನೀವು ನನ್ನನ್ನು ಇನ್ನೂ ಕಾರಿಗೆ ಹತ್ತಿಸಿಕೊಂಡರೆ, ಉಬ್ಬರದ ಹೊತ್ತಿಗೆ ಅಳಿವೆಗೆ ಹೋಗೋಣ. ನಾನೇ ಮೊದಲು ನೀರಿಗಿಳಿಯುತ್ತೇನೆ. ನೀವು ಬೀಸಿ. ಒಂದು ದಿನ ಸಿಗದಿದ್ದರೆ ಇನ್ನೊಂದು ದಿನ, ನಾನು ದಾರ ಬಿಡಿಸುತ್ತಾ ನಿಲ್ಲುತ್ತೇನೆ. ಸಿಕ್ಕಿದ ದಿನ, ನಿಮಗೆ ಮನಸ್ಸಾದರೆ, ಮೀನನ್ನು ನನ್ನ ಕೈಗೆ ಕೊಟ್ಟು ಫೋನು ತರಲು ಹೋಗಿ. ನಿಧಾನವಾಗಿ ಹೋಗಿ ಬನ್ನಿ. ಕಾಲಿಗೆ ಕೋಲು ತಾಗಲಿ, ಪುಸ್ತಕ ತಾಗಲಿ, ನಿಜವಾಗಿಯೂ ಮೊಸಳೆಯೇ ತಾಗಲಿ — ಅಪ್ಪಯ್ಯನಿಗೆ ಕಳಿಸುವ ಫೋಟೊ ಆಗುವವರೆಗೆ ನಾನು ಕೈ ಎತ್ತುವುದಿಲ್ಲ.